ಹಾಯಿ, ಗಳು ಮತ್ತು ಬೆನ್ನ ಹಿಂದಿನ ಗಾಳಿ



ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನದ ಪುಸ್ತಕಗಳಲ್ಲಿ ಎಷ್ಟು ಬಾರಿ ಪಠ್ಯಕ್ರಮ ಬದಲಾದರೂ ಅಳಿಯದೆ ಉಳಿದುಕೊಂಡು ಬಂದ ಒಂದು ಮಾತಿದೆ. ಕರ್ನಾಟಕದ ಕರಾವಳಿಯು ಪ್ರಾಚೀನ ಕಾಲದಿಂದಲೂ ಅರಬರು, ಪರ್ಷಿಯನ್ನರು ಮತ್ತು ರೋಮನ್ನರೊಡನೆ ಸಮುದ್ರ ವ್ಯಾಪಾರ ನಡೆಸುತ್ತಿತ್ತು ಎಂಬುದೇ ಆ ಮಾತು. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಹಡಗುಗಳು ನಡೆಯುತ್ತಿದ್ದುದು ಹೇಗೆ? ಗಾಳಿ ಯಾವ ಕಡೆಯಿಂದ ಬರುತ್ತಿತ್ತು, ಹಾಯಿಯನ್ನು ಯಾರು, ಯಾವ ಮರಕ್ಕೆ, ಯಾವ ಹಗ್ಗದಿಂದ ಕಟ್ಟುತ್ತಿದ್ದರು? ಈ ವಿಷಯಕ್ಕೆ ಅಂಕಗಳಿಲ್ಲ, ಆದಕಾರಣ ಅದು ಪುಸ್ತಕದಲ್ಲಿಯೂ ಇಲ್ಲ.

ಈ ವಿಚಾರವನ್ನು ಬರೆಯಲು ಪ್ರೇರಣೆಯಾದದ್ದು ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಈಗ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ನೆಲೆಸಿರುವ ಆತ ವಾರಾಂತ್ಯಗಳಲ್ಲಿ ಹಾಯಿದೋಣಿ ನಡೆಸಲು ಕಲಿಯುತ್ತಿದ್ದಾನಂತೆ. ‘ಸ್ಪಿನಕರ್ ಪೋಲ್ ಎಂಬ ಒಂದು ಕೋಲನ್ನು ಸರಿಯಾಗಿ ಕಟ್ಟುವುದಕ್ಕೇ ನನಗೆ ಮೂರು ವಾರ ಹಿಡಿಯಿತು ಸಾರ್. ನಮ್ಮ ಕರಾವಳಿಯವರಿಗೆ ಇಂಥದ್ದು ಇತ್ತೇ? ಇದ್ದರೆ ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಿದ್ದರು?’ ಎಂದು ಕೇಳಿದ್ದಾನೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ಮಂಗಳೂರಿನ ಕಡಲಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ದೂರದಲ್ಲಿರುವ ಚಿಕ್ಕಲಸಂದ್ರದ ನಿವೃತ್ತ ಮೇಷ್ಟರನ್ನು ಕೇಳಬೇಕಾದ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಆದರೆ ಪ್ರಶ್ನೆ ಇತಿಹಾಸದ್ದು. ಆದುದರಿಂದ ಉತ್ತರಿಸುವ ಹೊಣೆ ನನ್ನದೇ.

ಮೊದಲು ಆ ಕೋಲು ಏತಕ್ಕೆಂದು ತಿಳಿಯೋಣ. ಗಾಳಿ ಪಕ್ಕದಿಂದ ಬೀಸಿದಾಗ ಹಾಯಿದೋಣಿಗೆ ಕಷ್ಟವಿಲ್ಲ. ಹಾಯಿಯು ಹಕ್ಕಿಯ ರೆಕ್ಕೆಯಂತೆ ಬಾಗಿ ನಿಂತು ದೋಣಿಯನ್ನು ಎಳೆಯುತ್ತದೆ. ಗಾಳಿ ಹಿಂದಿನಿಂದ ಬಂದರೆ ಇನ್ನೂ ಸುಲಭವೆಂದು ನೆಲದ ಮೇಲಿರುವ ನಮಗೆ ತೋರುತ್ತದೆ. ವಾಸ್ತವ ಬೇರೆ. ಹಿಂದಿನ ದೊಡ್ಡ ಹಾಯಿಯು ಗಾಳಿಯನ್ನೆಲ್ಲ ತಾನೇ ತಡೆದುಬಿಡುವುದರಿಂದ ಮುಂದಿನ ಹಾಯಿ ಅದರ ನೆರಳಿನಲ್ಲಿ ಸಿಕ್ಕಿ ಜೋತು ಬೀಳುತ್ತದೆ. ಅದನ್ನು ಎದುರು ಬದಿಗೆ ತಳ್ಳಿ ಹಿಡಿದರೂ ಕೆಳಗಿನ ಮೂಲೆ ನಿಲ್ಲದೆ ಒಳಕ್ಕೆ ಮಡಚಿಕೊಳ್ಳುತ್ತದೆ. ಆಷಾಢದ ಗಾಳಿಯಲ್ಲಿ ಮಹಡಿಯ ಮೇಲೆ ಒದ್ದೆ ಸೀರೆ ಒಣಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಅಂಚು ಹಗ್ಗದ ಮೇಲಿದ್ದರೆ ಸಾಲದು, ಇನ್ನೊಂದು ಮೂಲೆಯನ್ನು ಯಾರಾದರೂ ಚಾಚಿ ಹಿಡಿಯಬೇಕು. ದೋಣಿಯಲ್ಲಿ ಹಾಗೆ ಚಾಚಿ ಹಿಡಿಯುವ ಕೈಯೇ ಈ ಗಳು. ಹಳೆಯ ಮನೆಗಳಲ್ಲಿ ಎತ್ತರದ ಬಿದಿರಿನ ಮೇಲೆ ಮಡಿಬಟ್ಟೆ ಹರವಲು ಅಜ್ಜಿಯರು ಬಳಸುತ್ತಿದ್ದ ಮಡಿಕೋಲನ್ನು ನೆನಪಿಸಿಕೊಂಡರೆ ಇದರ ಬಂಧುತ್ವ ತಿಳಿದೀತು.

ಸ್ಪಿನಕರ್ ಎಂಬುದು ಬಲೂನಿನಂತೆ ಉಬ್ಬುವ ತೆಳುವಾದ ಮುಂಭಾಗದ ಹಾಯಿ. 1860ರ ದಶಕದಲ್ಲಿ ಇಂಗ್ಲೆಂಡಿನ ಪಂದ್ಯದ ದೋಣಿಗಳಲ್ಲಿ ಇದು ಬಳಕೆಗೆ ಬಂತು. ಗಳುವಿನ ಒಂದು ತುದಿ ಕೂವೆಕಂಬದ ಬಳೆಗೆ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ತುದಿ ಹಾಯಿಯ ಮೂಲೆಯನ್ನು ಗಾಳಿ ಬರುವ ಬದಿಗೆ ಚಾಚಿ ಹಿಡಿಯುತ್ತದೆ. ಕೂವೆ ಎಂದರೆ ಹಾಯಿಯನ್ನು ಹೊರುವ ಕಂಬ. ಕನ್ನಡ, ತುಳು ಎರಡರಲ್ಲಿಯೂ ಇರುವ ಹಳೆಯ ಮಾತು. ಇಂದಿನ ಪತ್ರಿಕೆಗಳು ಅದನ್ನು ಮರೆತು ‘ಮಾಸ್ಟ್’ ಎಂದು ಬರೆಯುತ್ತವೆ.

ಕಟ್ಟುವ ಕ್ರಮವನ್ನು ಕನ್ನಡದಲ್ಲಿಯೇ ಹೇಳಬಹುದೆಂದು ಆ ಶಿಷ್ಯನಿಗೆ ತೋರಿಸಬೇಕೆನಿಸಿತು. ಚಿಕ್ಕ ದೋಣಿಯಾದರೆ ಹೀಗೆ: ಗಳುವಿನ ಎರಡು ತುದಿಗಳಲ್ಲಿಯೂ ಕೊಂಡಿಗಳಿರುತ್ತವೆ. ಕೊಂಡಿಯ ಬಾಯಿ ಮೇಲ್ಮುಖವಾಗಿರುವಂತೆ ಹಿಡಿದು, ಮೊದಲು ಹೊರತುದಿಯ ಕೊಂಡಿಯನ್ನು ಗಾಳಿಬದಿಯ ಹಗ್ಗಕ್ಕೆ ಸಿಕ್ಕಿಸಬೇಕು. ಬಳಿಕ ಗಳುವಿನ ನಡುವಿಗೆ ಎರಡು ಹಗ್ಗಗಳು. ಒಂದು ಮೇಲಿನಿಂದ ಎತ್ತಿ ಹಿಡಿಯುವುದು, ಇನ್ನೊಂದು ಕೆಳಕ್ಕೆ ಜಗ್ಗಿ ಹಿಡಿಯುವುದು. ಕೊನೆಗೆ ಒಳತುದಿಯನ್ನು ಕೂವೆಕಂಬದ ಬಳೆಗೆ ಕೂಡಿಸಬೇಕು. ಹಾಯಿ ತುಂಬಿಕೊಂಡ ಮೇಲೆ ಗಳು ನೆಲಕ್ಕೆ ಸಮತಲವಾಗಿ, ಗಾಳಿಗೆ ಅಡ್ಡಲಾಗಿ ನಿಲ್ಲಬೇಕು. ಹಾಯಿಯ ಕೆಳಗಿನ ಎರಡು ಮೂಲೆಗಳೂ ಒಂದೇ ಎತ್ತರದಲ್ಲಿರಬೇಕು. ಕೆಳಕ್ಕೆ ಜಗ್ಗುವ ಹಗ್ಗ ಸಡಿಲವಾಯಿತೋ, ಗಳುವಿನ ತುದಿ ಆಕಾಶಕ್ಕೆ ಏಳುತ್ತದೆ, ಹಾಯಿ ಎಡಬಲಕ್ಕೆ ತೂಗಾಡುತ್ತದೆ, ಅದರೊಡನೆ ದೋಣಿಯೂ ಹೊಯ್ದಾಡತೊಡಗುತ್ತದೆ. ಹೊಸಬರು ನೀರಿಗೆ ಬೀಳುವುದು ಬಹುಮಟ್ಟಿಗೆ ಇಂಥ ಹೊತ್ತಿನಲ್ಲೇ. ಗಾಳಿಯನ್ನು ಬೆನ್ನ ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಿಸಿಕೊಳ್ಳುವಾಗ ಕಂಬದ ತುದಿಯನ್ನು ಬಿಡಿಸಿ ಹೊಸ ಬದಿಯ ಹಗ್ಗಕ್ಕೆ ಸಿಕ್ಕಿಸಿ, ಹಳೆಯ ಬದಿಯ ತುದಿಯನ್ನು ಕಳಚಿ ಕಂಬಕ್ಕೆ ತರಬೇಕು. ಅಂದರೆ ಗಳುವಿನ ತಲೆ ಬಾಲವಾಗುತ್ತದೆ, ಬಾಲ ತಲೆಯಾಗುತ್ತದೆ.

ಈ ಸಮಸ್ಯೆ ಇಂಗ್ಲಿಷರು ಕಂಡುಹಿಡಿದದ್ದಲ್ಲ. ಗಾಳಿ ಬೆನ್ನಿಗೆ ಬಂದಾಗ ಹಾಯಿಯನ್ನು ತೆರೆದಿಡುವುದು ಹೇಗೆಂಬ ಪ್ರಶ್ನೆ ಬಟ್ಟೆ ಕಟ್ಟಿ ನೀರಿಗಿಳಿದ ಪ್ರತಿಯೊಂದು ಜನಾಂಗದ ಮುಂದೆಯೂ ಇತ್ತು. ನಮ್ಮ ಪಡುವಣ ಕರಾವಳಿಗೆ ಅದು ಬದುಕಿನ ಪ್ರಶ್ನೆಯೇ ಆಗಿತ್ತು. ಏಕೆಂಬುದನ್ನು ತಿಳಿಯಲು ಭೂಪಟ ಬೇಕು. ಸಾಧ್ಯವಿದ್ದವರು ಒಂದನ್ನು ತೆರೆದಿಟ್ಟುಕೊಳ್ಳಿ (ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹೊಸ ಕಾಟವಲ್ಲ).

ಮಂಗಳೂರಿನಿಂದ ಏಡನ್ ಬಂದರಿಗೆ ಒಂದು ಗೆರೆ ಎಳೆಯಿರಿ. ಅದು ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಸಾಗುತ್ತದೆ. ಚಳಿಗಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಬೀಸುವುದು ಈಶಾನ್ಯ ಮಾರುತ. ಆದುದರಿಂದ ಹೋಗುವ ಹಡಗಿಗೆ ಗಾಳಿ ಬಲಭಾಗದ ಹಿಂದಿನಿಂದ, ಓರೆಯಾಗಿ ಬರುತ್ತದೆ. ಹಿಂದಿರುಗುವಾಗ ನೈಋತ್ಯ ಮಾರುತ. ಆಗಲೂ ಗಾಳಿ ಬಲಭಾಗದ ಹಿಂದಿನಿಂದಲೇ, ಅಷ್ಟೇ ಓರೆಯಾಗಿ! ಹೋಗುವಾಗಲೂ ಬರುವಾಗಲೂ ಪ್ರಕೃತಿ ಬೆನ್ನು ತಟ್ಟಿ ಕಳುಹಿಸುವ ಇಂಥ ಕಡಲು ಪ್ರಪಂಚದಲ್ಲಿ ಅಪರೂಪ. ಆದರೆ ಜೂನ್, ಜುಲೈ ತಿಂಗಳುಗಳ ನೈಋತ್ಯ ಮಾರುತ ನಮ್ಮ ಬಂದರುಗಳನ್ನೇ ಮುಚ್ಚಿಸುವಷ್ಟು ಉಗ್ರವಾದುದರಿಂದ, ಏಡನ್ನಿನ ಹಡಗುಗಳು ಅದರ ಅಬ್ಬರ ಇಳಿಯುವ ಹೊತ್ತಿಗೆ ಅಲ್ಲಿಂದ ಹೊರಟು ಮಳೆಗಾಲದ ಕೊನೆಗೆ ಇಲ್ಲಿ ಮುಟ್ಟುತ್ತಿದ್ದವು. ಕರಾವಳಿಯಲ್ಲಿ ಇಂದಿಗೂ ಶ್ರಾವಣದ ನೂಲು ಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವುದನ್ನು ನೀವು ನೋಡಿರಬಹುದು. ಮುಚ್ಚಿದ್ದ ಕಡಲಿನ ಬಾಗಿಲು ತೆರೆಯುವ ಹಬ್ಬವದು.

ಈ ಗಾಳಿಯಲ್ಲಿ ಹೋಗಿ ಬಂದ ನಮ್ಮವನೊಬ್ಬನ ಹೆಸರು ಉಳಿದಿರುವುದು ಒಂದು ಸೋಜಿಗ. 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿ, ಮೆಣಸು ಅಡಿಕೆಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಅವನ ಕಾಗದಪತ್ರಗಳು ಹಳೆಯ ಕೈರೋ ನಗರದ ಯಹೂದಿ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಅವುಗಳಲ್ಲಿ ಅವನ ಆಳೂ ವ್ಯವಹಾರದ ಪ್ರತಿನಿಧಿಯೂ ಆಗಿದ್ದ ಒಬ್ಬನ ಹೆಸರು ಮತ್ತೆ ಮತ್ತೆ ಬರುತ್ತದೆ. ಅವನೇ ಬೊಮ್ಮ. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಎಂಬ ಪುಸ್ತಕ ಹೆಚ್ಚುಕಡಿಮೆ ಈ ಬೊಮ್ಮನ ಜಾಡು ಹಿಡಿದೇ ಹೊರಟದ್ದು. ಒಡೆಯನ ಸರಕಿನೊಡನೆ ಬೊಮ್ಮ ಏಡನ್ನಿಗೆ ಹೋಗಿದ್ದ. ಅಲ್ಲಿ ಕುಡಿತಕ್ಕೆ ಹಣ ಸುರಿದನೆಂಬ ದೂರೂ ಪತ್ರದಲ್ಲಿದೆ. ರಾಜರ ಶಾಸನಗಳಿಗಿಂತ ಇಂಥ ದೂರು ನನಗೆ ಹೆಚ್ಚು ಪ್ರಿಯ. ಏಕೆಂದರೆ ಅದರಲ್ಲಿ ಮನುಷ್ಯನಿದ್ದಾನೆ. ಆದರೆ ಬೊಮ್ಮ ಹೋದ ಹಡಗಿನ ಹಾಯಿಗೆ ಎಂಥ ಗಳು ಇತ್ತೆಂಬುದನ್ನು ಆ ಪತ್ರಗಳಿಂದ ತಿಳಿಯಲಾಗದು. ಎಲ್ಲರೂ ಬಲ್ಲ ಸಂಗತಿಯನ್ನು ಯಾರು ತಾನೇ ಪತ್ರದಲ್ಲಿ ಬರೆಯುತ್ತಾರೆ?

ಹೊರಗಿನಿಂದ ಬಂದವನಾದರೆ ಬರೆಯುತ್ತಾನೆ. 1340ರ ದಶಕದಲ್ಲಿ ನಮ್ಮ ತೀರದುದ್ದಕ್ಕೂ ಪ್ರಯಾಣ ಮಾಡಿದ ಇಬ್ನ್ ಬತೂತ ಅಂಥವನು. ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಶಾಲೆಗಳು, ಹುಡುಗರಿಗಾಗಿ 23 ಶಾಲೆಗಳು ಇದ್ದವೆಂದು ಅವನು ಎಣಿಸಿ ಬರೆದಿದ್ದಾನೆ (ಮೇಷ್ಟರಾದವರು ಈ ಅಂಕಿಯನ್ನು ಹೇಗೆ ಬಿಟ್ಟಾರು!). ಬಾರಕೂರಿನ ದೊರೆಗೆ ಮೂವತ್ತು ಯುದ್ಧನೌಕೆಗಳಿದ್ದವೆಂದೂ, ಮಂಗಳೂರಿನಲ್ಲಿ ಫಾರ್ಸ್ ಮತ್ತು ಯೆಮನ್ ದೇಶದ ವರ್ತಕರು ಇಳಿಯುತ್ತಿದ್ದರೆಂದೂ ಹೇಳುತ್ತಾನೆ. ನಮ್ಮ ವಿಷಯಕ್ಕೆ ಮುಖ್ಯವಾದವು ಅವನ ಇನ್ನೆರಡು ಮಾತುಗಳು. ಮೊದಲನೆಯದು, ಭಾರತ ಮತ್ತು ಯೆಮನ್ನಿನ ಹಡಗುಗಳ ಹಲಗೆಗಳನ್ನು ಕತ್ತದ ಹಗ್ಗದಿಂದ ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬುದು. ಎರಡನೆಯದು, ಕಲ್ಲಿಕೋಟೆಯಲ್ಲಿ ಕಂಡ ಚೀನಾದ ಹಡಗುಗಳ ಹಾಯಿಗಳನ್ನು ಬಿದಿರಿನ ಸೀಳುಗಳಿಂದ ಚಾಪೆಯಂತೆ ಹೆಣೆದಿದ್ದರು ಎಂಬುದು. ಬಿದಿರು ಹಾಯಿಯ ಮೈಯಲ್ಲೇ ಇರುವಾಗ ಅದು ಗಾಳಿಗೆ ಮಡಚಿ ಬೀಳುವುದು ಕಡಿಮೆ. ಅಂದರೆ ಬೇರೆ ಗಳುವಿನ ಕೆಲಸದ ಒಂದು ಪಾಲನ್ನು ಚೀನೀಯರು ಹಾಯಿಯೊಳಗೇ ಹೆಣೆದುಬಿಟ್ಟಿದ್ದರು.

ಚಾಪೆಯ ಮಾತು ಬಂದುದರಿಂದ ಭಾಷೆಯ ವಿಚಾರ ಸ್ವಲ್ಪ. ತಮಿಳು, ಮಲಯಾಳಗಳಲ್ಲಿ ‘ಪಾಯ್’ ಎಂದರೆ ಚಾಪೆ. ಹಡಗಿನ ಹಾಯಿಯೂ ಹೌದು. ಆ ‘ಪ’ಕಾರ ನಮ್ಮಲ್ಲಿ ‘ಹ’ಕಾರವಾಗಿ ‘ಹಾಯಿ’ ಎಂದು ನಿಂತಿದೆ. ಹಾಲು, ಹುಲಿ, ಹಾವು ಪದಗಳ ಕಥೆಯೇ ಇದು. ನಮ್ಮ ಪೂರ್ವಿಕರ ಮೊದಲ ಹಾಯಿಗಳು ಓಲೆಯ ಚಾಪೆಗಳೇ ಆಗಿದ್ದಿರಬೇಕೆಂದು ಈ ಪದವೇ ಸೂಚಿಸುತ್ತದೆ. ಉಳಿದ ಪದಗಳನ್ನು ಗಮನಿಸಿ. ಲಂಗರು, ಬಂದರು, ನಾಖುದಾ ಪಾರಸಿಯಿಂದ ಬಂದವು. ಖಲಾಸಿ ಅರಬ್ಬಿಯದು. ಚುಕ್ಕಾಣಿಯೂ ಅರಬ್ಬಿಯ ‘ಸುಕ್ಕಾನ್’ ಪದದ ರೂಪವೇ. ಸರ್ಕಾರ ಬದಲಾದಾಗಲೆಲ್ಲ ಪತ್ರಿಕೆಗಳು ‘ಆಡಳಿತದ ಚುಕ್ಕಾಣಿ’ ಎಂದು ಬರೆಯುತ್ತವಲ್ಲ, ಅದು ಏಡನ್ನಿನ ದಾರಿಯಲ್ಲಿ ನಮಗೆ ದೊರೆತ ಮಾತು. ಹಾಯಿ ಮತ್ತು ಕೂವೆ ನಮ್ಮವು, ಲಂಗರು ಮತ್ತು ಚುಕ್ಕಾಣಿ ಕಡಲಾಚೆಯವು; ಒಂದೇ ಹಡಗಿನಲ್ಲಿ ಎರಡೂ ಕೂಡಿ ಪ್ರಯಾಣ ಮಾಡಿವೆ.

ಕನ್ನಡದ ದೊರೆಗಳೂ ಹಡಗು ಹತ್ತಿದ್ದುಂಟು. 11ನೇ ಶತಮಾನದ ಗೋವೆಯ ಕದಂಬರ ತಾಮ್ರಪಟವೊಂದರಲ್ಲಿ ಗುಹಲ್ಲದೇವನು ಸಮುದ್ರಮಾರ್ಗವಾಗಿ ಸೋಮನಾಥನ ಯಾತ್ರೆಗೆ ಹೊರಟ ಪ್ರಸಂಗವಿದೆ. ನಡುದಾರಿಯಲ್ಲಿ ಹಡಗಿನ ಕೂವೆಮರ ಮುರಿಯಿತು. ಗೋಪಕಪಟ್ಟಣದ ಬಂದರಿನಲ್ಲಿ ಆಶ್ರಯ ಪಡೆದಾಗ ಅವನಿಗೆ ನೆರವಾದವನು ಮದುಮೋದನೆಂಬ ಮುಸ್ಲಿಂ ಸಿರಿವಂತ ವರ್ತಕ. ಮುಂದೆ ಜಯಕೇಶಿಯ ಕಾಲದಲ್ಲಿ ಆ ವರ್ತಕನ ಮೊಮ್ಮಗನಿಗೆ ರಾಜಮನ್ನಣೆ ದೊರೆಯಿತು. ಜಾರ್ಜ್ ಮೊರೇಸ್ ಅವರು 1931ರ ‘ಕದಂಬ ಕುಲ’ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಒಂದು ಮರ ಮುರಿದದ್ದರಿಂದ ಎರಡು ಮನೆತನಗಳ ಸ್ನೇಹ ಮೂರನೆಯ ತಲೆಮಾರಿಗೆ ಮುಟ್ಟಿದ ಕಥೆ ಇದು. ನಮ್ಮ ಶಾಸನಗಳಲ್ಲಿ ಕೂವೆಮರದ ಸುದ್ದಿ ಬರುವುದು ಅಪರೂಪ. ಅದು ಬರಬೇಕಾದರೆ ಮುರಿಯಬೇಕಾಯಿತು!

ಇನ್ನು ನಮ್ಮ ತೀರದ ಮಂಜಿ, ಮಚ್ವೆ, ಪತ್ತೆಮಾರಿಗಳಿಗೆ ಬರೋಣ. ಇವುಗಳ ಹಾಯಿ ಚೌಕವಲ್ಲ. ಓರೆಯಾಗಿ ತೂಗುವ ಬಹು ಉದ್ದದ ಮರಕ್ಕೆ ಕಟ್ಟಿದ ಮುಕ್ಕೋನದ, ಅಥವಾ ಮುಂದಿನ ಮೂಲೆಯನ್ನು ಕತ್ತರಿಸಿದ ಮುಕ್ಕೋನದ ಹಾಯಿ. ಆ ಓರೆಮರ ಕೆಲವೊಮ್ಮೆ ಹಡಗಿನಷ್ಟೇ ಉದ್ದವಿರುತ್ತಿತ್ತು. ಅಷ್ಟು ಉದ್ದದ ಮರ ಒಂದೇ ತುಂಡಿನಲ್ಲಿ ದೊರೆಯದ ಕಾರಣ ಎರಡು ಮೂರು ತುಂಡುಗಳನ್ನು ಜೋಡಿಸಿ ಹಗ್ಗದಿಂದ ಬಿಗಿಯುತ್ತಿದ್ದರು. ಕೂವೆಕಂಬ ನೆಟ್ಟಗಿರದೆ ಮುಂದಕ್ಕೆ ವಾಲಿರುತ್ತಿತ್ತು. ಮರವನ್ನು ಮೇಲೆತ್ತುವ ದಪ್ಪ ಹಗ್ಗವೇ ಹಿಂದಕ್ಕೆ ಬಿಗಿದಾಗ ಕಂಬಕ್ಕೆ ಆಸರೆಯೂ ಆಗುತ್ತಿತ್ತು. ಒಂದು ಹಗ್ಗದಿಂದ ಎರಡು ಕೆಲಸ!

ಈ ಹಾಯಿಗೆ ಬೇರೆ ಗಳು ಬೇಕಿರಲಿಲ್ಲ, ಏಕೆಂದರೆ ಆ ಓರೆಮರವೇ ಗಳು. ಗಾಳಿ ಪಕ್ಕದಿಂದ ಬಂದಾಗ ಮರದ ಮುಂತುದಿಯನ್ನು ಮುಂಭಾಗಕ್ಕೆ ಬಿಗಿದಿಡುವುದು. ಬೆನ್ನಿಗೆ ಬಂದಾಗ ಆ ಬಿಗಿತವನ್ನು ಸಡಿಲಿಸಿ ಮರವನ್ನು ಹಡಗಿಗೆ ಅಡ್ಡಲಾಗಿ ತಿರುಗಿಸಿದರೆ ಹಾಯಿ ತೆರೆದು ನಿಲ್ಲುತ್ತದೆ. ನನ್ನ ಶಿಷ್ಯನ ಪ್ರಶ್ನೆಯ ಮೊದಲ ಭಾಗಕ್ಕೆ ಇದೇ ಉತ್ತರ. ಆದರೆ ಗಾಳಿಯನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳುವುದು ಇಲ್ಲಿ ಒಂಟಿ ಕೈಯ ಕೆಲಸವಲ್ಲ. ಆ ಭಾರಿ ಮರವನ್ನು ಕಂಬದ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಹಾಯಿಯನ್ನೂ ಅದರ ಹಗ್ಗವನ್ನೂ ಕಂಬದ ಮುಂದಿನಿಂದ ಸುತ್ತಿಸಿ ಆಚೆ ಬದಿಗೆ ಒಯ್ಯಬೇಕು. ತಂಡೇಲ ಕೂಗು ಹಾಕಬೇಕು, ಖಲಾಸಿಗಳು ಒಟ್ಟಾಗಿ ಕೈಗೂಡಿಸಬೇಕು. ಒಬ್ಬನ ಕೈ ತಪ್ಪಿದರೂ ಬೀಸುವ ಮರ ಜೀವ ತೆಗೆದೀತು. ಇಂಗ್ಲಿಷರ ಪಂದ್ಯದ ದೋಣಿಯಲ್ಲಿ ಇಬ್ಬರು ಮಾಡುವ ಕೆಲಸಕ್ಕೆ ಇಲ್ಲಿ ಇಡೀ ತಂಡ ಬೇಕಾಗಿದ್ದಕ್ಕೆ ಇದೇ ಕಾರಣ.

ಹಾಗಾದರೆ ಚೌಕ ಹಾಯಿಯನ್ನು ಬಿಟ್ಟು ಈ ಕಷ್ಟದ ಹಾಯಿಯನ್ನೇಕೆ ಅಪ್ಪಿಕೊಂಡರು? ತೀರದ ಗಾಳಿಯನ್ನು ಗಮನಿಸಿದರೆ ತಿಳಿಯುತ್ತದೆ. ಮಂಗಳೂರಿನಿಂದ ಮುಂಬಯಿಗೆ ಹೋಗುವವರಿಗೆ ಅನುಕೂಲ ಋತುವಿನಲ್ಲಿ ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ, ಅಂದರೆ ಬಹುಮಟ್ಟಿಗೆ ಎದುರುಗಾಳಿ. ದಿನಕ್ಕೆರಡು ಬಾರಿ ಬದಲಾಗುವ ಈ ಗಾಳಿಯಲ್ಲಿ ಬೆನ್ನಗಾಳಿಯನ್ನೇ ನೆಚ್ಚಿದ ಚೌಕ ಹಾಯಿ ಹೆಚ್ಚು ಉಪಯೋಗಕ್ಕೆ ಬಾರದು. ಪಕ್ಕದ ಗಾಳಿಯನ್ನೂ ದುಡಿಸಿಕೊಳ್ಳಬಲ್ಲ ಓರೆಹಾಯಿ ಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ನೇತ್ರಾವತಿಯ ಜೇಡಿಮಣ್ಣಿನ ಹೆಂಚುಗಳು ದೂರದ ಊರುಗಳ ಮಾಡುಗಳನ್ನೇರಿದ್ದರಲ್ಲಿ ಈ ಹಾಯಿಗಳ ಪಾಲು ದೊಡ್ಡದು. ಬಸವನಗುಡಿಯ ಹಳೆಯ ಮನೆಗಳ ಮೇಲಿನ ಮಂಗಳೂರು ಹೆಂಚುಗಳನ್ನು ನೋಡುತ್ತ ಬೆಳೆದ ನಮಗೆ ಅವು ರೈಲಿನಲ್ಲಿ ಬಂದವೆಂದಷ್ಟೇ ಗೊತ್ತು. ಕರಾವಳಿಯ ಬಂದರುಗಳಿಗೆ ಅವು ಹೋದದ್ದು ಹಾಯಿಯ ಬಲದಿಂದ.

ಲಕ್ಷದ್ವೀಪದ ಸಂಬಂಧ ಇನ್ನೂ ಆಪ್ತವಾದದ್ದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1787ರಲ್ಲಿ ಟಿಪ್ಪುವಿನ ವಶಕ್ಕೆ ಬಂದು, 1799ರಲ್ಲಿ ಅವನ ಪತನಾನಂತರ ಕಂಪನಿ ಸರ್ಕಾರಕ್ಕೆ ಸೇರಿ, 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. ಅಂದರೆ ನಮ್ಮ ರಾಜ್ಯೋತ್ಸವದ ದಿನವೇ ಅವು ನಮ್ಮಿಂದ ಬೇರೆಯಾದವು! ದ್ವೀಪದವರು ಕತ್ತದಿಂದ ಹೊಲಿದ ತಮ್ಮ ಓಡಗಳಲ್ಲಿ ಮಂಗಳೂರಿಗೆ ಕತ್ತವನ್ನೂ ಕೊಬ್ಬರಿಯನ್ನೂ ತಂದು, ಅಕ್ಕಿಯನ್ನು ಒಯ್ಯುತ್ತಿದ್ದರು. ಅಕ್ಕಿ ಬೆಳೆಯದ ದ್ವೀಪಕ್ಕೆ ಹಾಯಿಯೆಂದರೆ ಊಟ. ಗಾಳಿ ತಪ್ಪಿದರೆ, ಮಳೆಗಾಲಕ್ಕೆ ಮುಂಚೆ ಕೊನೆಯ ಓಡ ಹಿಂದಿರುಗದಿದ್ದರೆ, ಆ ಮೂರು ತಿಂಗಳು ಹೇಗೆ ಕಳೆದೀತೆಂದು ಊಹಿಸಿಕೊಳ್ಳಿ.

ಇಷ್ಟೆಲ್ಲ ಇದ್ದ ನಾಡಿನಲ್ಲಿ ಈ ವಿದ್ಯೆಯನ್ನು ಬರೆದಿಟ್ಟವರು ಯಾರು? 1834ರಲ್ಲಿ ಜಾನ್ ಎಡೈ ಎಂಬ ಇಂಗ್ಲಿಷ್ ಹಡಗು ನಿರ್ಮಾಪಕ ಮಲಬಾರ್, ಕೋರಮಂಡಲ ಮತ್ತು ಸಿಂಹಳದ ದೋಣಿಗಳ ಮೇಲೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಲೇಖನ ಬರೆದ. ಪತ್ತೆಮಾರಿಯ ಅಳತೆಗಳೂ ಅದರಲ್ಲಿವೆ. 1920ರಲ್ಲಿ ಮದ್ರಾಸಿನ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳ ರಚನೆಯ ಮೇಲೆ ಪ್ರಬಂಧ ಪ್ರಕಟಿಸಿದರು. ಇಬ್ಬರಿಗೂ ನಾವು ಋಣಿಗಳು. ಆದರೆ ಅವರು ಬರೆದದ್ದು ನೋಡಿ, ಅಳೆದು. ಆ ಮರವನ್ನು ಕಂಬದ ಮುಂದಿನಿಂದ ಸುತ್ತಿಸಿದ ಕೈಗಳು ಏನನ್ನೂ ಬರೆಯಲಿಲ್ಲ. ಬರೆಯಬಲ್ಲವರಾಗಿದ್ದ ನಮ್ಮಂಥವರು ಕಡಲಿಗೆ ಇಳಿಯಲಿಲ್ಲ. ಇಳಿದವರನ್ನು ಕೇಳಲೂ ಇಲ್ಲ.

ಅದರ ಬೆಲೆ ಏನೆಂಬುದು ಈಚೆಗೆ ಸ್ಪಷ್ಟವಾಯಿತು. 2023ರಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೊವೇಶನ್ಸ್ ಸಂಸ್ಥೆ ಸೇರಿ ಪ್ರಾಚೀನ ಮಾದರಿಯ ಹೊಲಿಗೆಯ ಹಡಗೊಂದನ್ನು ಕಟ್ಟಲು ಕೈಹಾಕಿದವು. ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲಿಗಳು ಹಲಗೆಗಳನ್ನು ಕತ್ತದ ಹಗ್ಗದಿಂದ ಹೊಲಿದರು. ಹೊಲಿಯುವ ವಿದ್ಯೆ ಕೆಲವರ ಕೈಯಲ್ಲಾದರೂ ಉಳಿದಿತ್ತು. ಆದರೆ ಹಡಗಿನ ಒಟ್ಟು ಸ್ವರೂಪಕ್ಕೆ ಆಧಾರ? ಅಜಂತಾದ ಎರಡನೆಯ ಗುಹೆಯಲ್ಲಿರುವ, ಸುಮಾರು 5ನೇ ಶತಮಾನದ ಒಂದು ಚಿತ್ರ, ಅಷ್ಟೇ. ನಕ್ಷೆ ಇಲ್ಲ, ಅಳತೆ ಇಲ್ಲ. ಹಾಯಿ, ಅಡ್ಡಮರ, ಹಗ್ಗಗಳ ವ್ಯವಸ್ಥೆಯನ್ನು ಹೊಸದಾಗಿ ಊಹಿಸಿ, ಲೆಕ್ಕ ಹಾಕಿ ರೂಪಿಸಬೇಕಾಯಿತು. ನೀರಿನಲ್ಲಿ ಅದರ ವರ್ತನೆಯನ್ನು ತಿಳಿಯಲು ಮದ್ರಾಸಿನ ಐಐಟಿಯಲ್ಲಿ ಮಾದರಿಯ ಪರೀಕ್ಷೆಗಳು ನಡೆದವು. ತಂಡೇಲರ ತಂಡವೊಂದು ಅಭ್ಯಾಸಬಲದಿಂದ ಮಾಡುತ್ತಿದ್ದುದನ್ನು ಎಂಜಿನಿಯರುಗಳು ಮೊದಲಿನಿಂದ ಕಂಡುಕೊಳ್ಳಬೇಕಾಯಿತು.

‘ಕೌಂಡಿನ್ಯ’ ಎಂಬ ಹೆಸರಿನ ಆ ಹಡಗು ನೌಕಾಪಡೆಗೆ ಸೇರ್ಪಡೆಯಾದದ್ದು ನಮ್ಮ ಕಾ‌ರವಾರದಲ್ಲಿ, 2025ರ ಮೇ 21ರಂದು. ಅದರ ಚೌಕ ಹಾಯಿಯ ಮೇಲೆ ಸೂರ್ಯನೊಡನೆ ಗಂಡಭೇರುಂಡವಿದೆ! ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬವನ್ನು ಶಾಲಾ ಪ್ರವಾಸದಲ್ಲಿ ಕಂಡ ನಿಮಗೆ ಆ ಎರಡು ತಲೆಯ ಹಕ್ಕಿಯ ನೆನಪಿರಬೇಕು. 2025ರ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಹೊರಟು, ಯಂತ್ರದ ನೆರವಿಲ್ಲದೆ, 2026ರ ಜನವರಿ ನಡುವಿನಲ್ಲಿ ಮಸ್ಕತ್ ಮುಟ್ಟಿತು. ಹೊರಟದ್ದು ಈಶಾನ್ಯ ಮಾರುತದ ಕಾಲದಲ್ಲೇ ಎಂಬುದನ್ನು ಗಮನಿಸಿ. ಬೊಮ್ಮನ ಕಾಲದ ಪಂಚಾಂಗ ಇಂದಿಗೂ ನಡೆಯುತ್ತದೆ.

ಕಡಲಿಲ್ಲದ ಬೆಂಗಳೂರಿಗೂ ಹಾಯಿಯ ನಂಟಿದೆ. ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆಯಷ್ಟೆ. 1985ರ ಸೆಪ್ಟೆಂಬರ್ 28ರಂದು ಮುಂಬಯಿಯಿಂದ ಹೊರಟು, 1987ರ ಜನವರಿ 10ರಂದು ಭೂಪ್ರದಕ್ಷಿಣೆ ಮುಗಿಸಿ ಹಿಂದಿರುಗಿದ 37 ಅಡಿಯ ‘ತೃಷ್ಣಾ’ ಹಾಯಿದೋಣಿಯನ್ನು ನಡೆಸಿದವರು ಸೈನ್ಯದ ಎಂಜಿನಿಯರುಗಳ ದಳದ ಅಧಿಕಾರಿಗಳು. ಆ ವರ್ಷ ಅಂಚೆ ಇಲಾಖೆ ಅದರ ಅಂಚೆಚೀಟಿ ಹೊರಡಿಸಿತ್ತು. ಅದೇ ಹೆಸರಿನ ತೃಷ್ಣಾ ಸೇಲಿಂಗ್ ಕ್ಲಬ್ಬಿನ ಹುಡುಗರು ಹಲಸೂರು ಕೆರೆಯಲ್ಲಿ ಪಳಗಿ ರಾಷ್ಟ್ರಮಟ್ಟದ ಪಂದ್ಯಗಳಿಗೆ ಹೋಗಿದ್ದಾರೆ. ಭಾರತದಲ್ಲಿ ಬಹಳ ಬಳಕೆಯಲ್ಲಿದ್ದ ‘ಎಂಟರ್‌ಪ್ರೈಸ್’ ಎಂಬ ಇಬ್ಬರ ದೋಣಿಯಲ್ಲಿ ಸ್ಪಿನಕರ್ ಇಲ್ಲ. ಬದಲಿಗೆ ಮುಂದಿನ ಚಿಕ್ಕ ಹಾಯಿಯ ಮೂಲೆಯನ್ನು ತೆಳುವಾದ ಗಳುವಿನಿಂದ ಹೊರಕ್ಕೆ ನೂಕಿ ಹಿಡಿಯುತ್ತಾರೆ. ಆಗ ಎರಡು ಹಾಯಿಗಳೂ ಎರಡು ಬದಿಗೆ ಚಾಚಿ, ದೋಣಿ ರೆಕ್ಕೆ ಬಿಚ್ಚಿದ ಹಂಸದಂತೆ ತೋರುತ್ತದೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ವರುಣ್ ಠಕ್ಕರ್ ಅವರೊಡನೆ ಸ್ಪರ್ಧಿಸಿದ ಕೇಳಪಂಡ ಚೆಂಗಪ್ಪ ಗಣಪತಿಯವರದು ಕೊಡವ ಮನೆತನದ ಹೆಸರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಈ ಜೋಡಿ ಕಂಚು ಗೆದ್ದಿತ್ತು. ಅವರ ದೋಣಿಯಲ್ಲಿ ಗಳು ಕಂಬದಿಂದ ಪಕ್ಕಕ್ಕೆ ಚಾಚುವುದಿಲ್ಲ, ಮೂತಿಯಿಂದ ನೇರ ಮುಂದಕ್ಕೆ ಚಾಚುತ್ತದೆ. ತಲೆಬಾಲ ಬದಲಿಸುವ ಕಷ್ಟವೇ ಅಲ್ಲಿ ತಪ್ಪಿದೆ.

ಶಿಷ್ಯನ ಪ್ರಶ್ನೆಯ ಎರಡನೆಯ ಭಾಗ ಉಳಿಯಿತು. ಆ ಓರೆಮರಕ್ಕೆ, ಅದರ ಮುಂತುದಿಯನ್ನು ಬಿಗಿಯುವ ಹಗ್ಗಕ್ಕೆ, ಮರವನ್ನು ನೆಟ್ಟಗೆ ನಿಲ್ಲಿಸಿ ಸುತ್ತಿಸುವಾಗ ತಂಡೇಲ ಹಾಕುತ್ತಿದ್ದ ಕೂಗಿಗೆ ಗಂಗೊಳ್ಳಿಯಲ್ಲಿ ಒಂದು ಮಾತು, ಭಟ್ಕಳದಲ್ಲಿ ಇನ್ನೊಂದು, ಕಾಸರಗೋಡಿನಲ್ಲಿ ಮತ್ತೊಂದು ಇದ್ದೀತು. ಮಂಗಳೂರಿನ ಹಳೆಯ ಬಂದರಿನ ಮಂಜಿಗಳಿಗೆ ಯಂತ್ರ ಬಂದು ದಶಕಗಳಾದವು. ಹಾಯಿಯಲ್ಲಿಯೇ ಹೋಗಿಬಂದ ಖಲಾಸಿಗಳು ಯಾರಾದರೂ ಉಳಿದಿದ್ದರೆ ಅವರು ನನಗಿಂತಲೂ ಹಿರಿಯರು. ನಿಮ್ಮಲ್ಲಿ ಕರಾವಳಿಯ ನೆಂಟಸ್ತನವಿರುವವರು ಹಲವರಿದ್ದೀರಿ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಮನೆಯಲ್ಲೋ ನೆರೆಯಲ್ಲೋ ಅಂಥ ಅಜ್ಜಂದಿರಿದ್ದರೆ ಪಕ್ಕದಲ್ಲಿ ಕುಳಿತು ಕೇಳಿರಿ. ಬೆನ್ನ ಹಿಂದಿನ ಗಾಳಿ ಬಂದಾಗ ಮೊದಲು ಯಾವ ಹಗ್ಗ ಸಡಿಲಿಸುತ್ತಿದ್ದರು, ಅದಕ್ಕೆ ಏನೆನ್ನುತ್ತಿದ್ದರು ಎಂದು ಅವರ ಮಾತಿನಲ್ಲಿಯೇ, ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪುರದ ಕನ್ನಡವೋ, ಕೇಳಿದಂತೆಯೇ ಬರೆದು ನನಗೆ ಕಳುಹಿಸಿರಿ. ಇಂಗ್ಲೆಂಡಿನಲ್ಲಿ ಒಬ್ಬ ಕಾಯುತ್ತಿದ್ದಾನೆ.